ಆವಕ-ಜಾವಕ ಪುಸ್ತಕದಾಗ ಇಲ್ಲದ ಹೆಸರು

ಸ್ವಲ್ಪ ಉದ್ದ ಅದ, ಪುರುಸೊತ್ತು ಮಾಡಿಕೊಂಡು ಓದ್ರಿ.

ಮೊನ್ನೆ ನಮ್ಮ ಓಣಿ ಹುಡುಗನೊಬ್ಬ ಮೊಬೈಲ್‌ನಾಗ ಒಂದು ಜಾಹೀರಾತು ತೋರಿಸಿದ. ಹೈದರಾಬಾದ್ ಕಡೆ ಗೋದಾಮಿನ ನೌಕರಿ. "ಕಾಕಾ, ರಿಸೀವಿಂಗ್, ಡಿಸ್ಪ್ಯಾಚ್ ಅಂತ ಬರ್ದಾರ. ಏನು ಕೆಲಸ ಇದು?" "ಆವಕ-ಜಾವಕ ನೋಡೋದಪಾ. ಬಂದ ಮಾಲು ಎಣಿಸಿ ಬರ್ಕೊಳ್ಳೋದು, ಹೋದ ಮಾಲು ಎಣಿಸಿ ಬರ್ಕೊಳ್ಳೋದು" ಅಂದೆ. ನಾನು ಆಫೀಸಿನಾಗ ಮಾಡೋದೂ ಅದೇ, ಮಾಲಿನ ಬದಲು ಟಪಾಲು ಅಷ್ಟೇ. ಹುಡುಗ ಕೇಳಿದ: "ಮತ್ತ ಲಾರಿಯಿಂದ ಇಳಿಸೋರು ಯಾರು?"

ಇಳಿಸೋರು ನಮ್ಮಪ್ಪ ಇದ್ದ. ಬೀದರ್ ಗಂಜ್‌ನಾಗ ಹಮಾಲಿ. ಮಾಮಾ ಭಾಲ್ಕಿಯಲ್ಲಿ. ತೊಗರಿ, ಉದ್ದು, ಹೆಸರು, ಆಮೇಲಾಮೇಲೆ ಸೋಯಾ. ಆಗ ಕ್ವಿಂಟಲ್ ಚೀಲ. ಕಬ್ಬಿಣದ ಹುಕ್ಕಿನಿಂದ ಎಳೆದು ಬೆನ್ನಿಗೆ ಹಾಕಿಕೊಂಡು, ಹಲಗೆ ಮೇಲೆ ಹತ್ತಿ ಥಪ್ಪಿ ಹಚ್ಚಬೇಕು. ಗಂಡಾಳು ಹೊರುವ ಭಾರ 55 ಕೆ.ಜಿ.ಗೆ ಇಳಿಸಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಅಪ್ಪ ಹೊತ್ತದ್ದು ಅದರ ಹತ್ತತ್ರ ಎರಡು ಪಟ್ಟು. ವಯಸ್ಸು ನಲವತ್ತು ಆಗೋದ್ರೊಳಗ ಕುತ್ತಿಗೆ ಹಿಂದ ನಿಂಬೆಕಾಯಿಯಷ್ಟು ಗಂಟಾಗಿತ್ತು. ಅವನು ಹೊತ್ತ ಬ್ಯಾಳಿ ಎಲ್ಲರ ಅಡಿಗಿಮನಿಗೆ ಹೋಗ್ತಿತ್ತು, ಅಂಗಡಿ ನೀರಿನ ಗಡಿಗೆ ಮಾತ್ರ ಅವನು ಮುಟ್ಟಂಗಿಲ್ಲ. ಮೇಲಿಂದ ಸುರೀತಿದ್ರು, ಬೊಗಸೆ ಒಡ್ಡಬೇಕು.

1994ರಲ್ಲಿ ಥಪ್ಪಿ ಕುಸಿದು ಅಪ್ಪನ ಸೊಂಟದ ಮ್ಯಾಲ ಬಿತ್ತು. ಕೆಲಸದಾಗ ಗಾಯ ಆದ್ರ ಪರಿಹಾರ ಕೊಡಬೇಕು ಅನ್ನೋ ಕಾಯ್ದೆ 1923ರಿಂದ ಇತ್ತು. ವಕೀಲರ ಹತ್ರ ಹೋದ್ವಿ. ಅವರು ಕೇಳಿದ್ದು ಒಂದೇ: "ಇವರು ಅಲ್ಲಿ ಕೆಲಸ ಮಾಡ್ತಿದ್ರು ಅನ್ನಲಿಕ್ಕೆ ಕಾಗದ ಅದಾ?" ಇರಲಿಲ್ಲ. ಅಪ್ಪ ಇನ್ನೊಬ್ಬರ ಲೈಸೆನ್ಸ್ ಮೇಲೆ ಬದಲಿ ಆಗಿ ದುಡೀತಿದ್ದ. ಅಂಗಡಿ ಬರೆದುಕೊಡೋ ಪಟ್ಟಿಯಲ್ಲಿ ರೈತನ ಹೆಸರದ, ಖರೀದಿದಾರನ ಹೆಸರದ, ಕೆಳಗ "ಹಮಾಲಿ" ಅಂತ ಒಂದು ಸಾಲದ, ಮುಂದ ರೂಪಾಯಿ. ಹಮಾಲಿ ಅಂದ್ರ ಅಲ್ಲಿ ಮನುಷ್ಯ ಅಲ್ಲ, ಖರ್ಚು. ಸೇದಿ ಒಗೆದ ಬೀಡಿಯಂಗ ಅಪ್ಪನ್ನ ಮನಿಗೆ ಕಳಿಸಿದ್ರು.

ಸರಕಾರಿ ಗೋದಾಮು ಹುಟ್ಟಿದ್ದೇ ಬಡವರ ಹೆಸರಿನ ಮೇಲೆ. ರೈತನ್ನ ಸಾಹುಕಾರನ ಕೈಯಿಂದ ಬಿಡಿಸಬೇಕಾದ್ರ ಉಗ್ರಾಣ ಬೇಕು ಅಂತ ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿ 1954ರಲ್ಲಿ ವರದಿ ಕೊಟ್ಟಿತು. 1956ರಲ್ಲಿ ಕಾಯ್ದೆ, 1957ರಲ್ಲಿ ಕೇಂದ್ರ ಉಗ್ರಾಣ ನಿಗಮ, ಅದೇ ವರ್ಷ ನಮ್ಮ ರಾಜ್ಯದ್ದು. ಮಾಲು ಇಟ್ಟರ ರಶೀದಿ, ರಶೀದಿ ತೋರಿಸಿದ್ರ ಬ್ಯಾಂಕ್ ಸಾಲ. ಒಳ್ಳೆ ಕೆಲಸನೇ, ಅಲ್ಲ ಅನ್ನಂಗಿಲ್ಲ. ಆದರೆ ಆ ರಶೀದಿಯಲ್ಲಿ ಇಟ್ಟವನ ಹೆಸರು, ಮಾಲಿನ ದರ್ಜೆ, ತೂಕ ಎಲ್ಲಾ ಇರ್ತದ, ಹೊತ್ತವನದು ಇರಂಗಿಲ್ಲ. 1966ರ ಎಪಿಎಂಸಿ ಕಾಯ್ದೆಯೂ ಹಾಗೇ. ಹಮಾಲನಿಗೆ ಲೈಸೆನ್ಸ್ ಬೇಕು ಅಂತು. ಮಾರುಕಟ್ಟೆ ಸಮಿತಿಯಲ್ಲಿ ರೈತರಿಗೆ ಕ್ಷೇತ್ರ ಮಾಡ್ತು, ವರ್ತಕರಿಗೆ ಮಾಡ್ತು. ಹಮಾಲನಿಗೆ ಕುರ್ಚಿ ಇಡಲಿಲ್ಲ.

ಈಗ ಒಂದು ಗಡಿಯ ಕತೆ ಕೇಳ್ರಿ. 1956ರ ನವೆಂಬರ್ 1ಕ್ಕ ಮೊದಲು ಉದಗೀರ, ನಿಲಂಗಾ, ಅಹಮದಪುರ ನಮ್ಮ ಬೀದರ್ ಜಿಲ್ಲೆಯಲ್ಲೇ ಇದ್ದವು. ಭಾಲ್ಕಿಯಿಂದ ಉದಗೀರಕ್ಕೆ ಅದೇ ನಿಜಾಮರ ಕಾಲದ ರೈಲು ಹಳಿ, ಅದೇ ತೊಗರಿ, ಅದೇ ಬೆನ್ನು. ಔರಾದ್ ಊರಿಗೆ ರೈಲು ಇವತ್ತಿಗೂ ಇಲ್ಲ, ಅಲ್ಲಿ ಮಾಲು ಲಾರಿ ಮ್ಯಾಲೇ ಹೋಗ್ತದ. ರಾಜ್ಯ ವಿಂಗಡಣೆ ಆದಾಗ ಉದಗೀರ ಆ ಕಡೆ ಹೋಯ್ತು, ನಾವು ಈ ಕಡೆ ಬಂದ್ವಿ. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ಮಾಡಿತು. ಮಾಥಾ ಅಂದ್ರ ತಲಿ, ತಲಿ ಮ್ಯಾಲ ಹೊರೋರು ಮಾಥಾಡಿ. ಆ ಕಾಯ್ದೆ ಪ್ರಕಾರ ಹಮಾಲನ ಹೆಸರು ಮಂಡಳಿಯಲ್ಲಿ ನೋಂದಣಿ ಆಗಬೇಕು, ಮಾಲಕ ಕೂಲಿ ಮತ್ತು ಅದರ ಮೇಲೆ ಲೆವಿ ಮಂಡಳಿಗೆ ಕಟ್ಟಬೇಕು. ಅದರಿಂದ ಪಿಎಫ್, ಗ್ರಾಚುಟಿ, ದವಾಖಾನಿ ಖರ್ಚು. ಯಾರೂ ಪುಕ್ಕಟೆ ಕೊಡಲಿಲ್ಲ. ಮುಂಬೈಯಲ್ಲಿ ಅಣ್ಣಾಸಾಹೇಬ ಪಾಟೀಲ, ಪುಣೆಯಲ್ಲಿ ಹಮಾಲ್ ಪಂಚಾಯತ್ ಕಟ್ಟಿದ ಡಾ. ಬಾಬಾ ಆಢಾವ ಬೀದಿಗಿಳಿದು ಕಾದಾಡಿದರು. ಇದೇ ಬಾಬಾ ಆಢಾವ "ಒಂದು ಊರು ಒಂದು ನೀರಿನ ತಾಣ" ಚಳವಳಿ ಮಾಡಿದವರು. ನೀರಿನ ಗಡಿಗೆ ಮತ್ತು ಚೀಲದ ಲೆಕ್ಕ ಒಂದೇ ಅಂತ ಅವರಿಗೆ ಗೊತ್ತಿತ್ತು.

ಆ ಕಡೆ ಎಲ್ಲಾ ಸರಿ ಅದ ಅಂತ ನಾ ಹೇಳ್ತಿಲ್ಲ. ಆದ್ರ ವಕೀಲರ ಮುಂದ ಇಡಲಿಕ್ಕೆ ಒಂದು ಕಾಗದಕ್ಕಾದ್ರೂ ದಾರಿ ಇತ್ತು. ನಮ್ಮಲ್ಲಿ ಅಸಂಘಟಿತ ಕಾರ್ಮಿಕರ ಮಂಡಳಿಯಿಂದ, ಬಾಬಾಸಾಹೇಬರ ಹೆಸರಿನ ಯೋಜನೆಯಲ್ಲಿ, ಹಮಾಲರಿಗೆ ಸ್ಮಾರ್ಟ್ ಕಾರ್ಡ್ ಬಂತು, ಬಹಳ ತಡವಾಗಿ. ಕಾರ್ಡ್ ಇದ್ರೂ ಕೂಲಿ ಕೊಡೋನು ಯಾರು ಅನ್ನೋದು ಅದರಾಗ ಬರಂಗಿಲ್ಲ.

ದೊಡ್ಡ ಗೋದಾಮು ಅಂದ್ರ ದೊಡ್ಡ ನ್ಯಾಯ ಅಂತನೂ ಇಲ್ಲ. ಭಾರತೀಯ ಆಹಾರ ನಿಗಮದ ಬಗ್ಗೆ ಶಾಂತಕುಮಾರ್ ಸಮಿತಿ 2015ರಲ್ಲಿ ಕೊಟ್ಟ ವರದಿ ನೋಡ್ರಿ. ಖಾಯಂ ಹಮಾಲನ ಮೇಲೆ ತಿಂಗಳಿಗೆ ಸುಮಾರು 79,500 ರೂಪಾಯಿ ಖರ್ಚು, ನೇರ ಪಾವತಿಯವನ ಮೇಲೆ 26,000, ಗುತ್ತಿಗೆಯವನ ಮೇಲೆ ಸುಮಾರು 10,000. ಚೀಲ ಒಂದೇ. ಗುತ್ತಿಗೆಯವರೇ ಸುಮಾರು ಒಂದು ಲಕ್ಷ ಮಂದಿ. ಅವರೇ ಎಲ್ಲಕ್ಕಿಂತ ಹೆಚ್ಚು ದುಡೀತಾರ, ಸೌಲಭ್ಯ ಕೊಡ್ರಿ ಅಂತ ಸಮಿತಿಯೇ ಬರೆದದ. ಪತ್ರಿಕೆಗಳಲ್ಲಿ ಮಾತ್ರ ಲಕ್ಷಗಟ್ಟಲೆ ಪಗಾರದ ಹಮಾಲರದೇ ಸುದ್ದಿ.

ಹುಡುಗನಿಗೆ ಅರ್ಜಿ ಹಾಕು ಅಂದೀನಿ. ಬರೆಯೋ ಕಡೆ ನಮ್ಮ ಮಕ್ಕಳು ಕೂಡಬೇಕು. ಆದ್ರ ಸೇರೋ ಮೊದಲು ಕೇಳು: ಪಗಾರ ಚೀಟಿ ಕಂಪನಿ ಹೆಸರಲ್ಲೋ, ಗುತ್ತಿಗೆದಾರನ ಹೆಸರಲ್ಲೋ? ಪಿಎಫ್ ನಂಬರ್ ಯಾವಾಗ ಕೊಡ್ತಾರ? ಅವನು ಫೋನ್ ಹಚ್ಚಿ ಕೇಳಿದ. "ಬಂದ ಮ್ಯಾಲ ಹೇಳ್ತೀವಿ" ಅಂದ್ರಂತ.

ಬೀದರ್, ಭಾಲ್ಕಿ, ಔರಾದ್ ಗಂಜ್‌ಗಳಲ್ಲಿ ನಿಮ್ಮ ಅಪ್ಪ, ಅಜ್ಜ, ಕಾಕಾ ಹಮಾಲಿ ಮಾಡಿದ್ರ, ಹಳೆ ಲೈಸೆನ್ಸ್, ಪಟ್ಟಿ, ಫೋಟೊ ಏನಿದ್ರೂ ನನಗ ಕಳಿಸ್ರಿ. ಕಾಗದ ಇಲ್ಲಂದ್ರ ಹೆಸರು, ಎಷ್ಟು ವರ್ಷ ಹೊತ್ತರು ಅಂತ ಕೆಳಗ ಬರೀರಿ. ಒಂದು ರಿಜಿಸ್ಟರ್ ತಂದಿಟ್ಟೀನಿ. ಮೊದಲನೇ ಸಾಲು ಅಪ್ಪಂದು.