ಲಿಪಿಯಿಲ್ಲದ ಕಂಚಿಗೆ ನೆಲವೇ ಶಾಸನ

ಪ್ರಾಚೀನ ರೋಮನರ ಕಂಚಿನ ಒಡವೆಗಳನ್ನು ಕೂಡಿಡುವ ಹವ್ಯಾಸವು ಯುರೋಪು, ಅಮೆರಿಕ ಖಂಡಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಉಂಗುರ, ಕಡಗ, ಮೇಲುಹೊದಿಕೆಯನ್ನು ಹೆಗಲ ಬಳಿ ಸೇರಿಸಿ ಹಿಡಿಯುತ್ತಿದ್ದ ‘ಫಿಬುಲಾ’ ಎಂಬ ಸೂಜಿಪದಕ, ಇವು ಅಂತಹ ಸಂಗ್ರಹಗಳಲ್ಲಿ ಮುಖ್ಯವಾದವು. ರೋಮ್ ಸಮಾಜದಲ್ಲಿ ಚಿನ್ನದ ಉಂಗುರ ತೊಡುವ ಹಕ್ಕು ಬಹುಕಾಲ ಸೆನೆಟ್ಟಿನ ಸದಸ್ಯರಿಗೂ ಅಶ್ವಾರೋಹಿ ವರ್ಗದವರಿಗೂ ಮೀಸಲಾಗಿದ್ದಿತು. ಉಳಿದವರ ಬೆರಳಿಗೆ ಕಬ್ಬಿಣ, ಕಂಚುಗಳೇ ಗತಿ. ಆದಕಾರಣ ಕಂಚಿನ ಒಡವೆಯೆಂದರೆ ಸಿಪಾಯಿಯ, ಕಸುಬುದಾರನ, ಅವರ ಮನೆಯ ಹೆಣ್ಣುಮಕ್ಕಳ ಚರಿತ್ರೆ. ಅರಸರ ಚರಿತ್ರೆಗೆ ಗ್ರಂಥಗಳುಂಟು. ಇವರ ಚರಿತ್ರೆಗೆ ಬಹುಮಟ್ಟಿಗೆ ಇಂತಹ ವಸ್ತುಗಳೇ ಆಧಾರ.

ಕಂಚು ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ಕಂಚಿನವೆಂದು ಮಾರಾಟವಾಗುವ ರೋಮನ್ ಸೂಜಿಪದಕಗಳಲ್ಲಿ ಅನೇಕವು ವಾಸ್ತವವಾಗಿ ಹಿತ್ತಾಳೆಯವು. ಪರೀಕ್ಷೆಯಿಲ್ಲದೆ ಬಣ್ಣದಿಂದಲೇ ನಿರ್ಣಯಿಸುವುದು ಕಷ್ಟವಾದ್ದರಿಂದ ವಸ್ತುಸಂಗ್ರಹಾಲಯಗಳವರು ಈಗ ‘ತಾಮ್ರದ ಮಿಶ್ರಲೋಹ’ ಎಂದಷ್ಟೇ ಬರೆಯುತ್ತಾರೆ.

ಈ ವಿಷಯಕ್ಕೂ ಕನ್ನಡ ನಾಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣರೂ, 1947ರಲ್ಲಿ ಮಾರ್ಟಿಮರ್ ವ್ಹೀಲರರೂ ನಡೆಸಿದ ಉತ್ಖನನಗಳಿಂದ ರೋಮನ್ ಬೆಳ್ಳಿ ನಾಣ್ಯಗಳು ಬೆಳಕಿಗೆ ಬಂದವು. ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ರೋಮನ್ ಚಿನ್ನದ ನಾಣ್ಯಗಳ ನಿಧಿ ದೊರೆಯಿತು. ನಮ್ಮವರು ಈ ನಾಣ್ಯಗಳನ್ನು ಕೇವಲ ಹಣವೆಂದು ಬಗೆಯಲಿಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂತಹ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಎರಡು ಸಣ್ಣ ರಂಧ್ರಗಳಿವೆ. ದಾರದಲ್ಲಿ ಪೋಣಿಸಿ ಕೊರಳಿಗೆ ಧರಿಸಿದಾಗ ಮುಖ ನೆಟ್ಟಗೆ ನಿಲ್ಲಬೇಕೆಂಬ ಎಣಿಕೆ ಅದರಲ್ಲಿ ಸ್ಪಷ್ಟ. ಚಿನ್ನ ಎಟುಕದವರು ರೋಮನ್ ನಾಣ್ಯದ ಮಾದರಿಯಲ್ಲಿ ಮಣ್ಣಿನ ಪದಕಗಳನ್ನು ಮಾಡಿಕೊಂಡರು. ಅಂತಹವು ಚಂದ್ರವಳ್ಳಿಯಲ್ಲಿಯೂ ತೆಲಂಗಾಣದ ಕೊಂಡಾಪುರದಲ್ಲಿಯೂ ದೊರೆತಿವೆ. ರೋಮಿನ ಮುದ್ರೆ ನಮ್ಮ ನೆಲದಲ್ಲಿ ಒಡವೆಯಾದ ಬಗೆ ಇದು.

ರೋಮನ್ ಕಂಚು ತಾನಾಗಿಯೇ ಬಂದು ಸೇರಿದ ಪ್ರಮುಖ ಸ್ಥಳ ಕೊಲ್ಲಾಪುರ. ಇಂದು ಅದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿನ ಶಿಲಾಹಾರರ ಕಾಲದ ಕನ್ನಡ ಶಾಸನಗಳನ್ನು ಬಲ್ಲವರಿಗೆ ಅದು ಪರಸ್ಥಳವಲ್ಲ. ಆ ಪ್ರಾಂತದ ಶಾಸನಗಳನ್ನು ಪ್ರೊ. ಕೆ.ಜಿ. ಕುಂದಣಗಾರರು 1939ರಲ್ಲಿ ಪ್ರಕಟಿಸಿದರು. ಪಂಚಗಂಗಾ ನದಿಯ ತಡಿಯ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದ ಮಧ್ಯಭಾಗದಲ್ಲಿ ಕಂಚಿನ ವಸ್ತುಗಳ ರಾಶಿಯೊಂದು ದೊರೆಯಿತು. ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಪುಟ್ಟ ಮೂರ್ತಿ, ಹೂಜಿ, ಕನ್ನಡಿ ಮುಂತಾದ ಪಶ್ಚಿಮದ ವಸ್ತುಗಳು ದೇಶೀಯ ಕಂಚಿನೊಡನೆ ಬೆರೆತು ಅಲ್ಲಿದ್ದವು. 1945-46ರಲ್ಲಿ ಅದೇ ದಿಬ್ಬದಲ್ಲಿ ಡೆಕ್ಕನ್ ಕಾಲೇಜಿನ ಸಂಕಾಲಿಯಾ ಮತ್ತು ದೀಕ್ಷಿತರು ಕ್ರಮಬದ್ಧ ಉತ್ಖನನ ನಡೆಸಿ 1952ರಲ್ಲಿ ವರದಿಯನ್ನು ಹೊರತಂದರು. ಶಾತವಾಹನರ ಕಾಲದ ಊರೊಂದು ಅಲ್ಲಿ ಕಾಣಿಸಿಕೊಂಡಿತು.

ಇಲ್ಲಿ ಕನ್ನಡಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ನೆನೆಯಬಹುದು. ಶರಣರಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯನೂ ಕನ್ನಡಿ ಕಾಯಕದ ರೇಮಮ್ಮನೂ ಪ್ರಸಿದ್ಧರು. ನಯಗೊಳಿಸಿದ ಲೋಹವೇ ಕನ್ನಡಿಯಾಗಿದ್ದ ಪರಂಪರೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಕಂಚನ್ನು ಬೆಳಗಿ ಮುಖ ಕಾಣಿಸುವುದೂ ಕಾಯಕವೆನಿಸಿದ ನಾಡಿನಲ್ಲಿ ಕಂಚಿನ ವಸ್ತುವನ್ನು ಅಲ್ಪವೆಂದು ಎಣಿಸುವುದು ಸಲ್ಲದು.

ಹಾಗಾದರೆ ರೋಮಿನ ಕಂಚು ನಮ್ಮಲ್ಲಿ ಇಷ್ಟು ವಿರಳವೇಕೆ? ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿಯು ಪಶ್ಚಿಮ ಕರಾವಳಿಯ ರೇವುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ತಾಮ್ರ, ತವರ, ಸೀಸಗಳನ್ನು ಹೆಸರಿಸುತ್ತದೆ. ಲೋಹಕ್ಕೆ ಇಲ್ಲಿ ಬೇಡಿಕೆಯಿದ್ದಿತು. ಮುರಿದ ಪಾತ್ರೆ, ಸವೆದ ಬಳೆ ಮೂಸೆ ಸೇರಿ ಮತ್ತೊಂದು ರೂಪ ತಾಳುವುದು ಲೋಹದ ಸಹಜ ಗತಿ. ಹೀಗೆ ಕರಗದೆ ಉಳಿದ ಒಂದೊಂದು ವಸ್ತುವೂ ಕರಗಿಹೋದ ಅನೇಕವುಗಳ ಪ್ರತಿನಿಧಿ.

ನನ್ನ ಅಭಿಪ್ರಾಯದ ತಿರುಳು ಇರುವುದು ಇಲ್ಲಿ. ನಮ್ಮ ಚಿಕ್ಕರಸಿನಕೆರೆಯನ್ನೊಳಗೊಂಡ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೋಡಿರಿ. ಮಣಲೇರನ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುವ, ಸುಮಾರು 949-50ರ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರು ಬಿಟ್ಟರೂ ಅದು ಅನಾಥವಾಗಲಿಲ್ಲ. ತನ್ನ ಊರು, ದೊರೆ, ಪ್ರಸಂಗಗಳನ್ನು ತಾನೇ ಹೇಳುತ್ತದೆ. ಕಂಚಿನ ಉಂಗುರಕ್ಕೆ ಆ ಭಾಗ್ಯವಿಲ್ಲ. ಅದು ಯಾವ ಊರಿನ, ಯಾವ ಪದರದಲ್ಲಿ, ಯಾವ ಮಡಕೆಯ ಪಕ್ಕದಲ್ಲಿದ್ದಿತೆಂಬುದೇ ಅದರ ಲಿಪಿ. ಬ್ರಹ್ಮಪುರಿಯ ಪೊಸೈಡನ್ ಗುಟ್ಟಾಗಿ ವ್ಯಾಪಾರಿಯ ಕೈ ಸೇರಿದ್ದರೆ ಇಂತಹ ಹಲವಾರು ಮೂರ್ತಿಗಳಲ್ಲಿ ಅದೂ ಒಂದಾಗುತ್ತಿದ್ದಿತು. ಪಂಚಗಂಗೆಯ ತಡಿಗೂ ಮೆಡಿಟರೇನಿಯನ್ ಸಮುದ್ರಕ್ಕೂ ಇದ್ದ ನಂಟಿನ ಸಾಕ್ಷ್ಯವು ಅಳಿಸಿಹೋಗುತ್ತಿದ್ದಿತು.

ಯುರೋಪಿನಲ್ಲಿ ಲೋಹಶೋಧಕ ಯಂತ್ರ ಹಿಡಿದು ಹೊಲಗಳನ್ನು ಜಾಲಾಡುವವರಿಂದ ಇಂತಹ ನಷ್ಟ ಅಪಾರವಾಗಿ ಆಗಿದೆ. ಅದನ್ನು ತಡೆಯಲು ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 1997ರಿಂದ, ಸಿಕ್ಕಿದವರು ಸ್ವ‌ಇಚ್ಛೆಯಿಂದ ವಸ್ತುವನ್ನೂ ಸ್ಥಳವನ್ನೂ ದಾಖಲಿಸುವ ಯೋಜನೆ ನಡೆದಿದೆ. ಹದಿನೈದು ಲಕ್ಷಕ್ಕೂ ಮಿಕ್ಕ ವಸ್ತುಗಳು ಲೆಕ್ಕಕ್ಕೆ ಬಂದಿವೆ. ನಮ್ಮ ದೇಶದಲ್ಲಿ 1972ರ ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಅಧಿನಿಯಮವು ಪರವಾನಗಿಯಿಲ್ಲದ ವ್ಯಾಪಾರವನ್ನೂ ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನೂ ನಿಷೇಧಿಸಿದೆ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗಳ ಗಮನಕ್ಕೆ ತರಬೇಕೆಂಬ ವಿಧಿಯೂ ಉಂಟು. ಆದರೆ ಪೈರಿನ ಸಾಲಿನಲ್ಲಿ ಹಸಿರುಗಟ್ಟಿದ ಬಳೆಯೊಂದು ಮೇಲೆದ್ದಾಗ ಕಾನೂನಿಗಿಂತ ಮೊದಲು ಅಲ್ಲಿರುವುದು ರೈತನ ಕೈ.

ಆ ಕೈ ಮಾಡಬಾರದ ಕೆಲಸವೊಂದಿದೆ. ಮನೆಯ ಕಂಚನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದು ನಮ್ಮ ವಾಡಿಕೆ. ಪುರಾತನ ಕಂಚಿಗೆ ಇದು ಘಾತುಕ. ಶತಮಾನಗಳಲ್ಲಿ ಕಟ್ಟಿದ ನುಣುಪಾದ ಹಸಿರು ಪದರವೇ ಅದಕ್ಕೆ ರಕ್ಷೆ. ಕೆತ್ತನೆಯ ಗೆರೆಗಳು ಉಳಿದಿರುವುದೂ ಅದರಲ್ಲಿಯೇ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ಉಪ್ಪಿನಂಶದಿಂದ ಬಂದ ರೋಗವೆಂದು ತಿಳಿದು, ವಸ್ತುವನ್ನು ಒಣಗಿದ ಎಡೆಯಲ್ಲಿರಿಸಿ ಬಲ್ಲವರಿಗೆ ಒಪ್ಪಿಸಬೇಕು.

ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಹೊಲದ ಹೆಸರು, ಸರ್ವೆ ನಂಬರು, ಎಷ್ಟು ಆಳದಲ್ಲಿ ಸಿಕ್ಕಿತು, ಜೊತೆಗೆ ಬೂದಿಯಿತ್ತೋ ಮಡಕೆಯ ಚೂರಿತ್ತೋ, ಯಾವ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆ ಅಧಿಕಾರಿಗಳಿಗೆ ಮುಟ್ಟಿಸಿದರೆ ಸಾಕು. ಶಾಲೆಯ ಮಕ್ಕಳೂ ಬರೆಯಬಲ್ಲ ಆ ನಾಲ್ಕು ಸಾಲು, ಮುಂದೆ ಬರುವ ಸಂಶೋಧಕರಿಗೆ ಶಾಸನದಷ್ಟೇ ಬೆಲೆಯುಳ್ಳದ್ದಾಗುತ್ತದೆ.