ಸತ್ತ ಮರದ ಕಿವಿ

ಮುಂಗಾರು ಬಲಿತಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಗುಡ್ಡಗಳಲ್ಲಿ ಬಿದ್ದ ಕೊರಡುಗಳ ಮೇಲೆ ಕಂದುಬಣ್ಣದ ಕಿವಿಗಳು ಮೂಡುವುದುಂಟು. ಮುಟ್ಟಿದರೆ ತಣ್ಣಗೆ, ಮೆತ್ತಗೆ. ಕೊಡೆಯಿಲ್ಲ, ನೆಟ್ಟಗಿನ ದಂಟಿಲ್ಲ; ಆದರೂ ಇದು ಅಣಬೆಯೇ. ಶಾಸ್ತ್ರಜ್ಞರು ಈ ಕುಲಕ್ಕಿಟ್ಟ ಹೆಸರು ‘ಆರಿಕ್ಯುಲೇರಿಯಾ’. ಕಿವಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಚೀನೀಯರ ‘ಮು ಅರ್’ ಎಂಬ ಹೆಸರಿಗೂ ಮರದ ಕಿವಿ ಎಂದೇ ಅರ್ಥ.

ತುಳುನಾಡಿನಲ್ಲಿ ಅಣಬೆಯೆಂದರೆ ಮೊದಲು ನೆನಪಾಗುವುದು ಹೊಸ ಮಳೆಗೆ ನೆಲ ಕೆದಕಿ ತೆಗೆಯುವ ಕಲ್ಲಣಬೆ. ಅದಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ. ಮರದ ಕಿವಿಗೆ ಇಲ್ಲಿ ಆ ಮರ್ಯಾದೆ ದೊರೆತಿಲ್ಲ. ಹೊರನಾಡುಗಳಲ್ಲಿ ಮಾತ್ರ ಅದರ ಚರಿತ್ರೆ ದೊಡ್ಡದು.

ಚೀನದಲ್ಲಿ ಟಾಂಗ್ ಅರಸರ ಕಾಲಕ್ಕೇ, ಅಂದರೆ ಕ್ರಿ.ಶ. 7ನೆಯ ಶತಮಾನದಲ್ಲೇ, ಇದನ್ನು ಬೆಳೆಸುವ ಕ್ರಮ ತಿಳಿದಿತ್ತು. ಕೊರಡಿನ ಮೇಲೆ ಗಂಜಿ ಸುರಿದು ಹುಲ್ಲು ಹೊದೆಸಿದರೆ ಕಿವಿ ಹುಟ್ಟುತ್ತದೆಂದು ಅಂದಿನ ವೈದ್ಯಗ್ರಂಥದ ಪರಂಪರೆ ಹೇಳುತ್ತದೆ. ಮನುಷ್ಯ ಬೆಳೆಸಿದ ಮೊದಲ ಅಣಬೆ ಇದೇ ಎಂದು ಹಲವರ ಅಭಿಪ್ರಾಯ.

ಇನ್ನೊಂದು ಕಥೆ ನ್ಯೂಜಿಲೆಂಡಿನದು. ಅಲ್ಲಿನ ತಾರಾನಾಕಿ ಸೀಮೆಯಲ್ಲಿ ವಲಸೆ ರೈತರು ಕಾಡು ಕಡಿದು ಜಮೀನು ಮಾಡುತ್ತಿದ್ದರು. ಕಡಿದುಬಿಟ್ಟ ಮರಗಳ ಮೇಲೆ ಈ ಕುಲದ ಅಣಬೆ ಹೇರಳವಾಗಿ ಎದ್ದಿತು. ಚಿನ್ನದ ಗಣಿಗಳ ಆಸೆಯಿಂದ ಬಂದಿದ್ದ ಚ್ಯೂ ಚಾಂಗ್ ಎಂಬ ಚೀನೀ ವ್ಯಾಪಾರಿ ತನ್ನೂರಿನ ತಿನಿಸನ್ನು ಅಲ್ಲಿ ಗುರುತಿಸಿದ. 1870ರ ದಶಕದಲ್ಲಿ ನಗದು ಕೊಟ್ಟು ಅದನ್ನು ಕೊಂಡು, ಚೀನಕ್ಕೆ ಕಳುಹಿಸಿದ. ಕೈಯಲ್ಲಿ ಕಾಸಿಲ್ಲದ ಎಷ್ಟೋ ರೈತ ಕುಟುಂಬಗಳಿಗೆ ಅದೇ ಆಧಾರವಾಯಿತು. ಕೊರಡುಗಳು ಕರಗಿ ನೆಲ ಹುಲ್ಲುಗಾವಲಾದಂತೆ ಆ ಫಸಲೂ ಇಳಿಯಿತು.

ಕಾರಣ ಸರಳ. ಈ ಅಣಬೆಯ ಆಹಾರ ಸತ್ತ ಮರ. ಬಿಸಿಲಿಗೆ ಅದು ಒಣಗಿ ಮುರುಟುತ್ತದೆ. ಮಳೆ ಬಿದ್ದರೆ ನೀರು ಹೀರಿ ಮತ್ತೆ ಅರಳಿ ಬೀಜಕಣ ಚೆಲ್ಲುತ್ತದೆ. ಒಣಗಿಸಿ ದೂರದೇಶಕ್ಕೆ ಸಾಗಿಸಲು ಸಾಧ್ಯವಾದದ್ದೂ ಈ ಗುಣದಿಂದಲೇ. ಇಂದು ನಗರದ ಅಂಗಡಿಗಳಲ್ಲಿ ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರಿನ ಪೊಟ್ಟಣಗಳಲ್ಲಿ ಸಿಗುವುದೂ ಇದೇ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ, ಅದೇ ಹೆಸರಿನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ.

ಪಶ್ಚಿಮಘಟ್ಟದ ಕಾಡಣಬೆಗಳ ಕುರಿತ ಜನರ ತಿಳಿವಳಿಕೆಯನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಆದರೆ ತಿನ್ನುವ ಅಣಬೆ ಯಾವುದು, ವಿಷದ್ದು ಯಾವುದು ಎಂಬುದನ್ನು ಪುಸ್ತಕ ನೋಡಿ ಕಲಿತರೆ ಸಾಲದು. ಬಲ್ಲ ಹಿರಿಯರ ಜೊತೆ ಗುಡ್ಡ ಸುತ್ತಬೇಕು. ಸುತ್ತಲು ಹೋದಾಗ ಅಲ್ಲಿ ಕೊರಡುಗಳೂ ಇರಬೇಕು. ಬಿದ್ದ ಮರವನ್ನೆಲ್ಲ ಸೌದೆಗೆ ಒಯ್ದು, ಉಳಿದದ್ದನ್ನು ಸುಟ್ಟು ಗುಡ್ಡವನ್ನು ಚೊಕ್ಕಟ ಮಾಡಿದರೆ, ಹಿರಿಯರು ತೋರಿಸಲು ಏನೂ ಉಳಿಯುವುದಿಲ್ಲ.