ಎರಡು ವಾರದ ಪೋಸ್ಟಿಂಗ್

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಪೇಪರ್‌ನಲ್ಲಿ ಗಮನಿಸಿರ್ತೀರಿ. ತುಮಕೂರು ಒಂದೇ ಜಿಲ್ಲೆಯಾದ್ರೂ ಪಟ್ಟಿಯಲ್ಲಿ ಎರಡು ಹೆಸರಿರುತ್ತೆ. ತುಮಕೂರು ಒಂದು, ಮಧುಗಿರಿ ಇನ್ನೊಂದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಶೈಕ್ಷಣಿಕ ಜಿಲ್ಲೆ ನಮ್ಮದು. ಅಲ್ಲಿಂದ ಪಿಯುಸಿ ಮುಗಿಸಿ ನಾನು ಬಿಇಗೆ ಬಂದೆ, ನನ್ನ ಬೆಂಚಿನವನೊಬ್ಬ ಎಂಬಿಬಿಎಸ್‌ಗೆ ಹೋದ.

ಒಂದ್ಸಲ ಅವನ ಹಾಸ್ಟೆಲ್‌ಗೆ ಹೋಗಿದ್ದೆ. ಆಗ ಅವನಿಗೆ ಮನೋವೈದ್ಯಕೀಯ ವಿಭಾಗದಲ್ಲಿ ಪೋಸ್ಟಿಂಗ್. "ಈ ಎರಡು ವಾರ ರಜಾ ಇದ್ದಂಗೆ ಕಣೋ, ಇದಕ್ಕೆ ಅಂತ ಬೇರೆ ಪೇಪರ್ರೇ ಇಲ್ಲ" ಅಂದ. ಆಮೇಲೆ ವಾರ್ಡಿನಲ್ಲಿ ನೋಡಿದ ರೋಗಿಯೊಬ್ಬರ ಮಿಮಿಕ್ರಿ ಮಾಡಿ ತೋರಿಸಿದ. ರೂಮಿನಲ್ಲಿದ್ದೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನಮ್ಮ ಸೋದರತ್ತೆ ನೆನಪಾದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತೆಗೆ ಯಾರೋ ಕಿವಿಯಲ್ಲಿ ಮಾತಾಡಿದಂಗೆ ಆಗೋದು. ರಾತ್ರಿ ನಿದ್ದೆಯಿಲ್ಲ, ಊಟಕ್ಕೆ ವಿಷ ಹಾಕಿದ್ದಾರೆ ಅನ್ನೋ ಅನುಮಾನ. ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿಸಿದ್ದಾಯ್ತು, ಸಿದ್ಧರಬೆಟ್ಟದ ಬೇರು ಅರೆದು ಕುಡಿಸಿದ್ದಾಯ್ತು, ತಾಯತ ಕಟ್ಟಿಸಿದ್ದೂ ಆಯ್ತು. ಕೊನೆಗೆ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ರೆ ಅವರು ನಾಡಿ ಕೂಡ ಹಿಡಿಯಲಿಲ್ಲ. "ಇದು ಮೆಂಟಲ್ ಕೇಸು, ಬೆಂಗಳೂರಿಗೆ ಕರ್ಕೊಂಡೋಗಿ" ಅಂದ್ರು. ಬೆಂಗಳೂರು ನೂರು ಕಿಲೋಮೀಟರ್‌ಗೂ ದೂರ. ಬಸ್ಸಲ್ಲಿ ಅತ್ತೆ ಕೂಗಾಡಿದ್ರೆ ಏನು ಗತಿ ಅಂತ ಅಪ್ಪ ಹಿಂಜರಿದರು. ಹಾಗೇ ಎರಡು ವರ್ಷ ಹೋಯ್ತು.

ಆ ಡಾಕ್ಟರ್ ಕೆಟ್ಟವರೇನಲ್ಲ. ಹಾವು ಕಚ್ಚಿದವರನ್ನು ರಾತ್ರಿ ಎದ್ದು ಬಂದು ನೋಡಿದವರು. ಹಾಸ್ಟೆಲ್‌ನಲ್ಲಿ ಆವತ್ತು ನನಗೆ ಹೊಳೆದಿದ್ದು ಇಷ್ಟೆ, ಅವರೂ ಒಂದು ಕಾಲಕ್ಕೆ ಇಂಥದ್ದೇ ರೂಮಿನಲ್ಲಿ ಕೂತು ನಕ್ಕಿರಬೇಕು. ಈ ನಗು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದ್ರೆ ಅದಕ್ಕೊಂದು ಉದ್ದದ ಇತಿಹಾಸವಿದೆ.

ಬೆಂಗಳೂರಿನಲ್ಲಿ 'ಲುನಾಟಿಕ್ ಅಸೈಲಮ್' ಶುರುವಾಗಿದ್ದು 1847ರಲ್ಲಿ. ಹೆಸರೇ ಹೇಳುವಂತೆ ಅದು ಕೂಡಿಡುವ ಜಾಗ. ಬ್ರಿಟಿಷ್ ಇಂಡಿಯಾದ 1912ರ ಲುನಸಿ ಕಾಯ್ದೆಯಲ್ಲಿ ಒಬ್ಬರನ್ನು ಒಳಗೆ ಸೇರಿಸೋಕೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಜ್ವರ ಬಂದೋರು ಆಸ್ಪತ್ರೆಗೆ, ಮನಸ್ಸು ಕೆಟ್ಟೋರು ಪೊಲೀಸು, ಕೋರ್ಟು ದಾಟಿ ಗೋಡೆಯೊಳಕ್ಕೆ! ಆ ಕಾಯ್ದೆ ಸ್ವತಂತ್ರ ಭಾರತದಲ್ಲೂ 1993ರವರೆಗೆ ಚಾಲ್ತಿಯಲ್ಲಿತ್ತು ಅಂದ್ರೆ ನಂಬ್ತೀರಾ?

ಮೈಸೂರು ಸರ್ಕಾರ 1925ರಲ್ಲಿ ಅಸೈಲಮ್ ಅನ್ನೋ ಹೆಸರು ತೆಗೆದು 'ಮೆಂಟಲ್ ಹಾಸ್ಪಿಟಲ್' ಅಂತ ಮಾಡಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಡಾ. ಫ್ರಾಂಕ್ ನರೋನ. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಆಸ್ಪತ್ರೆ ಹೊಸೂರು ರಸ್ತೆಯ ಈಗಿನ ವಿಶಾಲ ಜಾಗಕ್ಕೆ ಬಂತು. ನರೋನ ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ, 1954ರಲ್ಲಿ ಇದೇ ಜಾಗದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ಮಾರನೇ ವರ್ಷವೇ ಸ್ನಾತಕೋತ್ತರ ತರಬೇತಿ ಆರಂಭವಾಯ್ತು. 1974ರಲ್ಲಿ ಅದೇ ಸಂಸ್ಥೆ ಮತ್ತು ಆಸ್ಪತ್ರೆ ಸೇರಿ ನಿಮ್ಹಾನ್ಸ್ ಆಯ್ತು.

ತಜ್ಞರನ್ನು ತಯಾರು ಮಾಡೋದರಲ್ಲಿ ಬೆಂಗಳೂರು ಹೀಗೆ ದೇಶಕ್ಕೇ ಮುಂದಿತ್ತು. ಆದರೆ ಊರಿನ ಆಸ್ಪತ್ರೆಗೆ ಬರೋದು ತಜ್ಞರಲ್ಲ, ಎಂಬಿಬಿಎಸ್ ಡಾಕ್ಟರು. ಅವರು ಓದುವಾಗ ಮಾನಸಿಕ ಕಾಯಿಲೆ ಅನ್ನೋದು ಬೇರೆ ಕಾಂಪೌಂಡಿನ ವಿಷಯ. ಜನರ ಬಾಯಲ್ಲಂತೂ ಹೆಸರು ಎಷ್ಟು ಸಲ ಬದಲಾದ್ರೂ ಅದು 'ಹುಚ್ಚಾಸ್ಪತ್ರೆ'ಯೇ.

ಗೋಡೆ ಒಡೆಯುವ ಪ್ರಯತ್ನಗಳೂ ನಡೆದವು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಕರೆಸಿ, ಆಸ್ಪತ್ರೆ ಆವರಣದಲ್ಲೇ ಡೇರೆ ಹಾಕಿ ಉಳಿಸಿಕೊಂಡರು. ಮುಂದೆ ನಿಮ್ಹಾನ್ಸ್‌ನಲ್ಲೂ ಫ್ಯಾಮಿಲಿ ವಾರ್ಡ್ ಬಂತು. ಪಕ್ಕದಲ್ಲಿ ತಾಯಿ ಕೂತಿದ್ದಾಗ ರೋಗಿಯನ್ನು ಬರೀ 'ಕೇಸು' ಅಂತ ನೋಡೋದು ಎಂಥ ಡಾಕ್ಟರಿಗೂ ಕಷ್ಟ.

1970ರ ದಶಕದಲ್ಲಿ ಡಾ. ಆರ್.ಎಲ್. ಕಪೂರ್ ಮತ್ತು ಸಂಗಡಿಗರು ಬೆಂಗಳೂರಿನ ಹೊರವಲಯದ ಸಕಲವಾರ ಹಳ್ಳಿಯಲ್ಲಿ ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಡಿಮೆ ಅವಧಿಯಲ್ಲಿ ತರಬೇತಿ ಕೊಡಬಹುದಾ ಅನ್ನೋದು ಅವರ ಪ್ರಶ್ನೆ. 1985ರಿಂದ ಅದನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಕೆಲವೇ ಮುಖ್ಯ ಮಾತ್ರೆಗಳು ಪಿಎಚ್‌ಸಿಯಲ್ಲೇ ಸಿಗುವಂತಾಯ್ತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ಮಾದರಿ.

ಕನ್ನಡವೂ ಹಿಂದೆ ಬಿದ್ದಿರಲಿಲ್ಲ. 'ಕೊರವಂಜಿ' ಪತ್ರಿಕೆಯಲ್ಲಿ ನಾಡನ್ನೇ ನಗಿಸಿದ ಡಾ. ಎಂ. ಶಿವರಾಂ, ಅಂದ್ರೆ ರಾಶಿ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನ ಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿ ಲೈಬ್ರರಿಗಳಿಗೂ ತಲುಪಿದವು.

ಇಷ್ಟೆಲ್ಲ ಆದ ಮೇಲೂ ಮೆಡಿಕಲ್ ಸಿಲೆಬಸ್ ಕದಲಲಿಲ್ಲ. ವೈದ್ಯಕೀಯ ಮಂಡಳಿಯ 1997ರ ನಿಯಮದಲ್ಲಿ ನಾಲ್ಕೂವರೆ ವರ್ಷದ ಓದಿಗೆ ಮನೋವೈದ್ಯಕೀಯದ ಪೋಸ್ಟಿಂಗ್ 2 ವಾರ. ಪರೀಕ್ಷೆಯಲ್ಲಿ ಅದು ಜನರಲ್ ಮೆಡಿಸಿನ್ ಪೇಪರಿನ ಒಂದು ಮೂಲೆ. ಹುಡುಗರು ಜಾಣರು, ಮಾರ್ಕ್ಸ್ ಇಲ್ಲದ ಕಡೆ ಗಮನ ಯಾಕೆ ಕೊಡ್ತಾರೆ? 2021ರ ನಿಯಮದಲ್ಲಿ ಇಂಟರ್ನ್‌ಶಿಪ್‌ನಲ್ಲೂ 2 ವಾರ ಕಡ್ಡಾಯವಾಯ್ತು. ಅಷ್ಟರಮಟ್ಟಿಗೆ ಒಳ್ಳೇದು.

ಆದರೆ ದಿನಗಳ ಲೆಕ್ಕಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 1984ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೊಹೆನ್, ಜೇಕಬ್ ಕೊಹೆನ್ ದಂಪತಿ ಅದಕ್ಕೆ 'ವೈದ್ಯರ ಭ್ರಮೆ' ಅಂತ ಹೆಸರಿಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬರೀ ಎರರ್ ಲಾಗ್ ಓದ್ಕೊಂಡು ಇಡೀ ಸಿಸ್ಟಮ್ ಕೆಟ್ಟಿದೆ ಅಂತ ತೀರ್ಮಾನ ಮಾಡಿದಂಗೆ. ಕಾಯಿಲೆ ಉದ್ದಕ್ಕೆ ಎಳೆದವರೇ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳ್ತಾರೆ. ವಾಸಿಯಾದವರು ಮನೆಗೆ ಹೋಗಿ, ಹೊಲ ಉತ್ತು, ಮಕ್ಕಳ ಮದುವೆ ಮಾಡ್ಕೊಂಡು ಇರ್ತಾರೆ, ವಾರ್ಡಿಗೆ ಬರೋದಿಲ್ಲ. ಎರಡೇ ವಾರ ವಾರ್ಡು ನೋಡಿದ ಹುಡುಗನಿಗೆ ಕಾಣೋದು ಮೊದಲನೆಯವರು ಮಾತ್ರ. 'ಇವರು ಸರಿ ಹೋಗಲ್ಲ' ಅನ್ನೋದು ಅವನ ತಲೆಯಲ್ಲಿ ಕೂತುಬಿಡುತ್ತೆ. ನಗು ಹುಟ್ಟೋದು ಅಲ್ಲೇ. ಅದೇ ಮುಂದೆ 'ಬೆಂಗಳೂರಿಗೆ ಕರ್ಕೊಂಡೋಗಿ' ಆಗುತ್ತೆ.

ಇದರ ಬೆಲೆ ಸಣ್ಣದಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಗ್ತಿಲ್ಲ. ಈಗ ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ನಮ್ಮದೇ ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರಿಗೆ ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಡ್ತಾ ಬಂದಿದ್ದಾರೆ. 2017ರ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂತಲೇ ಹೇಳುತ್ತೆ. ಆದರೂ ಜನ ಮೊದಲು ಹೋಗೋದು ಹತ್ತಿರದ ಎಂಬಿಬಿಎಸ್ ಡಾಕ್ಟರ ಹತ್ತಿರ. ಅಲ್ಲಿ ಸಿಗುವ ಮೊದಲ ಐದು ನಿಮಿಷ ಕೆಟ್ಟರೆ ಉಳಿದದ್ದೆಲ್ಲ ಕಾಗದದ ಮೇಲೆ.

ಹಾಗಂತ ಡಾಕ್ಟರ್‌ಗಳನ್ನಷ್ಟೇ ಬೈಯ್ಯೋ ಯೋಗ್ಯತೆ ನಮಗಿಲ್ಲ. ಆಫೀಸಿನಲ್ಲಿ ಮ್ಯಾನೇಜರ್‌ಗೆ 'ಮೆಂಟಲ್', ಹಠ ಮಾಡೋ ಗೆಳೆಯನಿಗೆ 'ನಿಮ್ಹಾನ್ಸ್ ಗಿರಾಕಿ' ಅನ್ನೋರು ನಾವೇ ತಾನೆ?

ಅತ್ತೆಯನ್ನು ಕೊನೆಗೂ ನಿಮ್ಹಾನ್ಸ್‌ಗೆ ಕರ್ಕೊಂಡು ಬಂದೆವು. ಬಸ್ಸಲ್ಲಿ ಅವರು ಕೂಗಾಡಲಿಲ್ಲ, ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದರು. ಈಗ ದಿನಾ ಮಾತ್ರೆ ತಗೋತಾರೆ, ಎರಡು ಹಸು ಸಾಕಿದ್ದಾರೆ, ಬೆಳಿಗ್ಗೆ ಡೈರಿಗೆ ಹಾಲು ಹಾಕ್ತಾರೆ.

ನನ್ನ ಗೆಳೆಯ ಈಗ ನಮ್ಮ ಕಡೆಯದೇ ಒಂದು ಪಿಎಚ್‌ಸಿಯಲ್ಲಿ ಡಾಕ್ಟರ್. ಹೋದ ಯುಗಾದಿಗೆ ಮನೆಗೆ ಬಂದವನಿಗೆ ಅತ್ತೆ ಒಬ್ಬಟ್ಟು ಬಡಿಸಿ, "ಇನ್ನೊಂದು ಹಾಕಿಸ್ಕೊಳಪ್ಪ" ಅಂತ ಬಲವಂತ ಮಾಡಿದ್ರು. ಅವರು ಒಳಗೆ ಹೋದ ಮೇಲೆ ಅವರ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಎಲೆ ನೋಡ್ಕೊಂಡು ಕೂತ. ಆಮೇಲೆ, "ಆ ಎರಡು ವಾರದಲ್ಲಿ ಇಂಥೋರ್ನ ಒಬ್ಬರನ್ನಾದ್ರೂ ತೋರಿಸಬೇಕಿತ್ತು ಕಣೋ ನಮಗೆ" ಅಂದ.